ತೊಳೆಯದ ಸೌಟು

ಮಗಳು ಮೊಬೈಲಿನಲ್ಲಿ ತೋರಿಸಿದ ಚಿತ್ರ ನೋಡಿ ಸೇಸಮ್ಮನಿಗೆ ಮೈಯೆಲ್ಲ ಉರಿಯಿತು. ಗಾಜಿನ ತಟ್ಟೆಯ ತುಂಬ ಮಸುಕು ಬಿಳಿ, ಅದರಲ್ಲಿ ಎರಡು ಚುಕ್ಕೆ. ಒಂದರ ಸುತ್ತ ಉರುಟಾಗಿ ಖಾಲಿ ಜಾಗ, ಇನ್ನೊಂದರ ಸುತ್ತ ಅದಿಲ್ಲ.

“ಖಾಲಿ ಉಂಟಲ್ಲ, ಅಲ್ಲಿ ಹಾಕಿದ್ದು ಚಿಕ್ಕಮ್ಮನ ಭರಣಿಯ ನೀರು. ಅದರ ಬ್ಯಾಕ್ಟೀರಿಯಾ ಒಂದು ಮದ್ದು ಬಿಡ್ತದೆ. ಹತ್ತಿರದ ಬೇರೆ ಕ್ರಿಮಿ ಎಲ್ಲ ಸಾಯ್ತದೆ” ಎಂದಳು ವಿಸ್ಮಿತಾ. ಮೂಡುಬಿದಿರೆಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಎಂ.ಎಸ್ಸಿ. ಓದುತ್ತಿದ್ದ ಅವಳು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟ ಭರಣಿಗಳಿಂದ ಎರಡೂ ಮನೆಯ ನೀರನ್ನು ಹೋದ ವಾರ ಬಾಟಲಿಯಲ್ಲಿ ಒಯ್ದಿದ್ದಳು.

“ನೆರೆಕರೆಯವರನ್ನು ಕೊಲ್ಲುವುದು ಯಾಕಂತೆ?”

“ತಿನ್ನುವುದರಲ್ಲಿ ಪಾಲು ಕೊಡ್ಲಿಕ್ಕೆ ಮನಸ್ಸಿಲ್ಲ, ಅದಕ್ಕೆ. ನಮ್ಮ ಭರಣಿಯದ್ದಕ್ಕೆ ಆ ಶಕ್ತಿ ಇಲ್ಲಮ್ಮ. ಹಾಗಾಗಿ ಲೋಳೆ ಬರುವುದು.”

ಇಷ್ಟು ಹೇಳಿ, ಸೊಳೆ ರೊಟ್ಟಿ ತಿನ್ನಲು ಅಂಗಳ ದಾಟಿ ಚಿಕ್ಕಮ್ಮನ ಮನೆಗೆ ಹೋದಳು. ವಾರ ವಾರವೂ ಇದೇ ಕತೆ.

ಹೆತ್ತವಳು ಇಲ್ಲಿ, ಮಗಳು ಉಣ್ಣುವುದು ಅಲ್ಲಿ! ಎಲ್ಲಕ್ಕೂ ಮೂಲ ಆ ಭರಣಿ. ಮನೆ ಪಾಲಾದಾಗ ಅತ್ತೆ ಅದನ್ನು ಹಿರಿಯ ಸೊಸೆಗೆ ಕೊಡಬೇಕಿತ್ತು. ಕೊಟ್ಟದ್ದು ಕಿರಿಯವಳಾದ ವಾರಿಜಳಿಗೆ. ಸೇಸಮ್ಮ ಮಡಂತ್ಯಾರಿನಿಂದ ಹೊಸ ಭರಣಿ ತಂದಳು. ಹಲಸು ಒಂದೇ ಮರದ್ದು, ಉಪ್ಪು ಒಂದೇ ಅಂಗಡಿಯದು. ಆದರೂ ಮಳೆಗಾಲದ ಆಟಿ ತಿಂಗಳು ಬರುವಾಗ ಇವಳದ್ದರಲ್ಲಿ ಲೋಳೆ, ಅವಳದ್ದರಲ್ಲಿ ಬಾಯಲ್ಲಿ ನೀರೂರಿಸುವ ಹುಳಿವಾಸನೆ. ಅತ್ತೆ ತೀರಿಹೋದರೂ ಆ ಭರಣಿಯ ಸೊಕ್ಕು ಇಳಿಯಲಿಲ್ಲ.

ಮರುದಿನ ವಾರಿಜಾ ಸಂಘದ ಮೀಟಿಂಗಿಗೆ ಹೋದಳು. ಸೇಸಮ್ಮ ತನ್ನ ಭರಣಿಯ ಲೋಳೆಯನ್ನು ತೆಂಗಿನ ಚಿಪ್ಪಿನ ಸೌಟಿನಲ್ಲಿ ತುಂಬಿಕೊಂಡು ಹಿಂಬಾಗಿಲಿನಿಂದ ಒಳನುಗ್ಗಿದಳು. ಓರಗಿತ್ತಿಯ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಲೋಳೆ ಸುರಿದು, ಚೆನ್ನಾಗಿ ಕದಡಿ, ಮೊದಲಿದ್ದ ಹಾಗೆಯೇ ಕಟ್ಟಿದಳು. ಕೊಳೆಯಲಿ, ನಾರಲಿ. ಮಗಳು ಮೂಗು ಮುಚ್ಚಿಕೊಂಡು ಇತ್ತ ಬರಲಿ.

ಮನೆಗೆ ಬಂದವಳು ಸೌಟು ತೊಳೆಯಲಿಲ್ಲ. ಉಪ್ಪು ಸೊಳೆಗೆ ಹಸಿ ನೀರು ತಾಗಿದರೆ ಕೆಟ್ಟಿತು ಎಂದು ಅತ್ತೆ ಬೈದು ಬೈದು ಕಲಿಸಿದ್ದರು. ಆ ಸೌಟಿಗೆ ನೀರು ತೋರಿಸುವ ಪದ್ಧತಿಯೇ ಇರಲಿಲ್ಲ. ತನ್ನ ಭರಣಿಯಲ್ಲಿ ಉಳಿದ ಲೋಳೆಯನ್ನು ಅದರಲ್ಲೇ ತೆಗೆದು ಚೆಲ್ಲಿ, ಉಪ್ಪು ಹಾಕಿ, ಅದರಲ್ಲೇ ಕದಡಿ ಮುಚ್ಚಿಟ್ಟಳು.

ಆಮೇಲೆ ದಿನವೂ ಅಂಗಳದಲ್ಲಿ ನಿಂತು ಮೂಗು ಅರಳಿಸಿದ್ದೇ ಬಂತು. ಕೊನೆಗೆ ತಡೆಯಲಾರದೆ ಕೇಳಿಯೇ ಬಿಟ್ಟಳು.

“ನಿನ್ನ ಸೊಳೆ ಹೇಗುಂಟು ವಾರಿಜಾ? ಕೆಡ್ಲಿಲ್ವಾ?”

“ಅದಕ್ಕೆ ಏನಾಗ್ತದೆ ಅಕ್ಕ? ಅತ್ತೆಯ ಭರಣಿ ಅಲ್ವಾ!”

ಆ ರಾತ್ರಿ ಸೇಸಮ್ಮನಿಗೆ ಊಟ ಸೇರಲಿಲ್ಲ.

ಆದರೆ ತಿಂಗಳು ಕಳೆದು ತನ್ನ ಭರಣಿ ತೆರೆದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಲೋಳೆಯ ಸುಳಿವಿಲ್ಲ, ನೀರು ತಿಳಿಯಾಗಿತ್ತು, ಸೊಳೆ ಗಟ್ಟಿಯಾಗಿತ್ತು. ಶನಿವಾರ ಬಸ್ಸಿಳಿದು ಬಂದ ಮಗಳನ್ನು ಚೀಲ ಇಡಲೂ ಬಿಡದೆ ಒಲೆಯ ಬಳಿ ಕೂರಿಸಿ ಬಿಸಿ ಬಿಸಿ ಸೊಳೆ ರೊಟ್ಟಿ ಹಾಕಿದಳು. ವಿಸ್ಮಿತಾ ಒಂದು ತಿಂದು ಇನ್ನೊಂದು ಕೇಳಿದಳು, ಮತ್ತೂ ಒಂದು ಕೇಳಿದಳು. ಸೇಸಮ್ಮನ ಹೊಟ್ಟೆ ತಣ್ಣಗಾಯಿತು. ಗೆದ್ದೆ ಅಂದುಕೊಂಡಳು.

“ಚಿಕ್ಕಮ್ಮನ ಭರಣಿಯದ್ದೇ ರುಚಿ ಅಮ್ಮ! ಆ ನೀರು ಒಂದಿಷ್ಟು ಬಿದ್ದರೆ ಸಾಕು, ಉಳಿದ ಕ್ರಿಮಿಗಳನ್ನು ಕೊಂದು ಅದೇ ತುಂಬ್ತದೆ. ಅವರೇ ಕೊಟ್ಟದ್ದಾ?”

ಸೇಸಮ್ಮ ಗೋಡೆಗೆ ತೂಗಿದ್ದ ಸೌಟನ್ನು ನೋಡಿದಳು. ಎಲ್ಲ ಅರ್ಥವಾಯಿತು. ಇಲ್ಲ ಎಂದರೆ ಆ ನೀರು ಇಲ್ಲಿಗೆ ಬಂದದ್ದು ಹೇಗೆಂದು ಹೇಳಬೇಕು.

“ಹೂಂ” ಎಂದಳು. “ಅವಳೇ ಕೊಟ್ಟದ್ದು.”

“ಎಷ್ಟು ಒಳ್ಳೆ ಮನಸ್ಸು ಚಿಕ್ಕಮ್ಮನದ್ದು! ಇರು, ಅವರಿಗೂ ಎರಡು ಕೊಟ್ಟು, ನೀರು ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ ಬರ್ತೇನೆ.”

ಕಾವಲಿಯಿಂದ ಆಗಷ್ಟೇ ತೆಗೆದ ರೊಟ್ಟಿಗಳನ್ನು ತಟ್ಟೆಗೆ ಹಾಕಿಕೊಂಡು ಮಗಳು ಅಂಗಳ ದಾಟಿದಳು.