ಎಲ್ ಬೋರ್ಡ್ ಕಾಣುತ್ತದೆ, ಮುಖ ಕಾಣುವುದಿಲ್ಲ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೇಲ್ಸೇತುವೆಯ ಇಳಿಜಾರಿನಲ್ಲಿ ಅತಿವೇಗ ಪತ್ತೆಹಚ್ಚುವ ಕ್ಯಾಮೆರಾದಿಂದ ಶುರು ಮಾಡಿದರೆ ಅದೇ ಹೀರೋ ಆಗಿಬಿಡುತ್ತದೆ. ಆ ಭಾಗ್ಯ ಅದಕ್ಕೆ ಬೇಡ.

ಡ್ರೈವಿಂಗ್ ಮೇಡಂ ಅವರಿಂದಲೇ ಆಗಲಿ. ಹದಿನೆಂಟು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದವರು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ಕಲಿಯುವವರು ಕಂಗೆಟ್ಟಾಗ ಅವರು ಒತ್ತುವುದು ಅದನ್ನೇ. ಮೊನ್ನೆ ಮೂರನೇ ನೋಟಿಸು ಬಂತು: ನಲವತ್ತರ ಮಿತಿಯಲ್ಲಿ ಐವತ್ತೆಂಟು. ಮೂರೂ ಕಲಿಯುವವರ ಕಾಲಿನ ತಪ್ಪು, ಮೂರೂ ಇವರ ಹೆಸರಿಗೆ. ಮೂರಾದರೆ ಕಲಿಸುವ ಲೈಸೆನ್ಸ್ ರದ್ದು.

೨
(ಮೊದಲ ಕರಡು. ಹೊಡೆದು ಹಾಕಿದ್ದೇನೆ, ಆದರೂ ಓದಿ.)

ಆಕ್ಷೇಪಣೆ ಕೇಳಲು ಕರೆದ ಸಭೆ. ಜನ ಕೆಂಡವಾಗಿದ್ದಾರೆ. ಹಾಲಿನ ವ್ಯಾನಿನವನು ಎದ್ದು, "ಸ್ಪೀಡ್ ಲಿಮಿಟ್ ಬೋರ್ಡು ಮರದ ಹಿಂದೆ, ಕ್ಯಾಮೆರಾ ಮರದ ಮುಂದೆ! ಇದ್ಯಾವ ಸೀಮೆ ನ್ಯಾಯ ಸ್ವಾಮಿ?" ಎಂದ.

"ಕ್ಯಾಮೆರಾ ಸುಳ್ಳು ಹೇಳಲ್ಲ," ಎಂದರು ಅಧಿಕಾರಿ.

ಮೇಡಂ ನೋಟಿಸಿನ ಫೋಟೋ ಎತ್ತಿ ಹಿಡಿದರು. "ಸುಳ್ಳು ಹೇಳಲ್ಲ, ಪೂರ್ತೀನೂ ಹೇಳಲ್ಲ! ಎಲ್ ಬೋರ್ಡ್ ಎದ್ದು ಕಾಣ್ತಿದೆ. ಓಡಿಸ್ತಿದ್ದೋರ ಮುಖ ನೀವೇ ಮಸುಕು ಮಾಡಿದೀರಿ. ಮರುಕ್ಷಣ ನಾನು ಬ್ರೇಕ್ ಒತ್ತಿ ನಿಲ್ಲಿಸಿದೆ, ಅದರ ಫೋಟೋ ಎಲ್ಲಿ?"

"ಆಕ್ಷೇಪಣೆ ಫಾರ್ಮಲ್ಲಿ ಇರೋದು ಎರಡೇ ಕಾರಣ ಮೇಡಂ. ಕಾರು ಮಾರಿದೀರಾ, ಕಳುವಾಗಿದೆಯಾ. ಬೇರೆ ಏನೇ ಇದ್ರೂ ಓಡಿಸ್ತಿದ್ದೋರೇ ಬಂದು ಸಹಿ ಹಾಕ್ಬೇಕು. ನಾಳೆ ಐದು ಗಂಟೆಯೊಳಗೆ."

ಅಂದು ಕಾರು ಓಡಿಸುತ್ತಿದ್ದ ಕಾಲೇಜು ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

೩
ಮರುದಿನ ಮಧ್ಯಾಹ್ನ ಮೇಡಂ ನನ್ನ ಮನೆಗೇ ಬಂದು ಕರಡನ್ನು ಕಿತ್ತುಕೊಂಡರು. (ಪಾತ್ರಗಳಿಗೆ ವಿಳಾಸ ಕೊಡಬಾರದು.)

"ಇದ್ಯಾರು ಕಾಲೇಜು ಹುಡುಗಿ?"

"ಕಲ್ಪನೆ."

"ಐವತ್ತೆರಡು ವರ್ಷ ಆಗಿದೆ ಸರ್ ನಿಮಗೆ! ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದು, ಅಯ್ಯಯ್ಯೋ ಅಂತ ಸ್ಟೀರಿಂಗೇ ಬಿಟ್ರಲ್ಲ, ಅದೂ ಕಲ್ಪನೇನಾ?"

ಹೌದು ಓದುಗರೇ, ನಾನೇ. ಸಭೆಯ ನಾಲ್ಕನೇ ಸಾಲಿನಲ್ಲಿ ಕೂತು ಮೇಡಂ ಮಾತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ನಾನೇ. ಸಹಿ ಹಾಕಿದರೆ ತಪ್ಪು ನನ್ನ ಹೆಸರಿಗೆ ಬಂದು, ಮುಂದಿನ ವಾರದ ನನ್ನ ಡ್ರೈವಿಂಗ್ ಟೆಸ್ಟ್ ಕೈತಪ್ಪುತ್ತದೆ. ನಾಚಿಕೆಯಾಗುತ್ತಿದೆ. ಬರೆದಿದ್ದರಿಂದ ಅದೇನೂ ಕಡಿಮೆಯಾಗಿಲ್ಲ.

೪
ನಿಮಗೆ ಬೇಕಾದ ಮುಕ್ತಾಯ ಆರಿಸಿಕೊಳ್ಳಿ.

ಅ) ಜನ ದಂಗೆಯೆದ್ದು ಕ್ಯಾಮೆರಾ ಕಿತ್ತೆಸೆಯುತ್ತಾರೆ. ("ನನ್ನ ಲೈಸೆನ್ಸ್ ವಾಪಸ್ ಬರುತ್ತಾ?" ಎಂದರು ಮೇಡಂ.)

ಆ) ಅಧಿಕಾರಿಯ ಮಗಳು ಮೇಡಂ ಹತ್ತಿರವೇ ಕಾರು ಕಲಿತವಳು ಎಂದು ಗೊತ್ತಾಗಿ ಅವರ ಮನಸ್ಸು ಕರಗುತ್ತದೆ. ("ಥೂ.")

ಇ) ಲೇಖಕ ಒಂದು ಅದ್ಭುತ ಕಥೆ ಬರೆದು ವ್ಯವಸ್ಥೆಯ ಕಣ್ಣು...

"ಸಾಕು ಸರ್!" ಮೇಡಂ ಫಾರ್ಮನ್ನು ಕರಡಿನ ಮೇಲೆ ಕುಕ್ಕಿದರು. "ನಿಮ್ಮ ಕಥೇಲಿ ನನಗೆ ನ್ಯಾಯ ಬೇಡ. ಆ ಕಚೇರೀಲಿ ಬೇಕು. ಗಂಟೆ ನಾಲ್ಕಾಯ್ತು."

"ಇದೊಂದು ಮುಗಿಸಿ ಬರ್ತೀನಿ."

"ಮುಗಿಸ್ಬೇಡಿ. ಅರ್ಧಕ್ಕೇ ಬಿಟ್ಟು ಏಳಿ."

೫
ಅರ್ಧಕ್ಕೇ ಬಿಡುತ್ತಿದ್ದೇನೆ. ಎದ್ದೆನೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ; ಎದ್ದೆ ಎಂದು ಬರೆಯುವುದು ನನಗೆ ಬಹಳ ಸುಲಭ. ಕಚೇರಿಗೆ ಹೋಗಿ ಫೈಲ್ ತೆಗೆಸಿ ನೋಡಿ.