ನೀತಾಳ ಆಂಪ್ ಸುಟ್ಟದ್ದು

ನೀತಾಳ ಗಿಟಾರಿನ ದನಿ ಹೆಚ್ಚಿಸುವ ಆಂಪ್ ಸುಟ್ಟದ್ದು ಅಂಕೋಲೆಯಲ್ಲಿ, ಯುವಕ ಸಂಘದವರು ಮೈದಾನದಲ್ಲಿ ಹಾಕಿಸಿದ್ದ ಸ್ಟೇಜಿನ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ. ಆಗ ಅವಳು ಅಲ್ಲಿರಲಿಲ್ಲ. ಹತ್ತಿರದ ಕೇಣಿಯ ತವರುಮನೆಯಲ್ಲಿ ಅಮ್ಮ ಬಡಿಸಿದ ಬಂಗಡೆ ಸಾರು ಉಣ್ಣುತ್ತಿದ್ದಳು. ಬೆಳಿಗ್ಗೆ ತಾನೇ ವೈರು ಜೋಡಿಸಿ, ಬಾರಿಸಿ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಅವಳು ಹೊರಟಿದ್ದು.

ಅವಳನ್ನು ಕೊಟ್ಟದ್ದು ಕಾರವಾರದ ಬೈತಖೋಲಕ್ಕೆ. ಗಂಡ ನಿತಿನ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಅತ್ತೆ ನಾಗಿ ಬುಟ್ಟಿ ಹೊತ್ತು ಮೀನುಪೇಟೆಗೆ ಹೋಗುವವಳು. ನೀತಾ ಕೋಡಿಬಾಗದಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದಳು. ಗಂಡ ಹೆಂಡತಿ ಮದುವೆಗೆ ಮೊದಲಿನಿಂದಲೂ ಒಂದೇ ಬ್ಯಾಂಡಿನವರು. ಅವನು ಡ್ರಮ್ಸ್, ಅವಳು ಗಿಟಾರ್. ಹಾಗಾಗಿ ಮದುವೆಯಾದ ಮೇಲೂ ಅವಳು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನಾಗಿಗೆ ಅದು ಹಿಡಿಸುತ್ತಿರಲಿಲ್ಲ, ಆದರೆ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು.

ಬ್ಯಾಂಡಿನಲ್ಲಿ ಹಾಡುವವನು ಹಣಕೋಣದ ಸುಜಯ. ಸೊಸೈಟಿ ಬ್ಯಾಂಕಿನಲ್ಲಿ ನೌಕರಿ, ಒಳ್ಳೆಯ ದನಿ, ಎಲ್ಲರ ಪರಿಚಯ. ಕಾರ್ಯಕ್ರಮ ಹಿಡಿಯುವವನೂ ಅವನೇ, ಯಾವ ಹಾಡು ಎಂದು ಹೇಳುವವನೂ ಅವನೇ. ನಿತಿನನೂ ಅವನೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

ನೀತಾಳಿಗೆ ಇದ್ದ ದೊಡ್ಡ ಕೊರಗು ತನ್ನ ಗಿಟಾರ್ ಯಾರಿಗೂ ಕೇಳುವುದಿಲ್ಲ ಎಂಬುದು. ಅವಳ ಹತ್ತಿರ ಇದ್ದದ್ದು ಕಾಂಬೋ ಆಂಪ್, ಅಂದರೆ ಯಂತ್ರವೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಒಳಗೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂತೆ ಗಾಜಿನ ವಾಲ್ವುಗಳು. ದನಿ ಜೇನಿನಂತೆ ಇತ್ತು, ಆದರೆ ಸ್ಪೀಕರ್ ಒಂದೇ ಒಂದು, ಅದೂ ಚಿಕ್ಕದು. ಬಯಲಿನಲ್ಲಿ ಸುಜಯ ಬಾಯಿ ತೆರೆದನೆಂದರೆ ಅದು ಮುಳುಗಿಹೋಗುತ್ತಿತ್ತು. ಎಷ್ಟೋ ಕಡೆ ಹೆಂಗಸರು ಬಂದು, ನೀನು ಬಾರಿಸುವುದು ಚಂದ ಕಾಣುತ್ತದೆ ಎನ್ನುತ್ತಿದ್ದರು. ಕಾಣುತ್ತದೆ ಎಂಬ ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅಂಕೋಲೆಯಲ್ಲಿ ಮೈಕು, ಸೌಂಡು ಬಾಡಿಗೆಗೆ ಕೊಡುವ ಭರತನ ಹತ್ತಿರ ಗಿಟಾರಿನದೇ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ಬಿದ್ದಿತ್ತು. ಸೊಂಟದೆತ್ತರ, ಒಳಗೆ ನಾಲ್ಕು ಸ್ಪೀಕರು. ಕಾಂಬೋದ ಹಿಂದೆ ಹೊರಗಿನ ಸ್ಪೀಕರಿಗೆಂದೇ ಒಂದು ತೂತು ಇರುತ್ತದೆ. ಅಲ್ಲಿಂದ ಈ ಪೆಟ್ಟಿಗೆಗೆ ವೈರು ಎಳೆದರೆ ಅದೇ ಆಂಪಿನ ದನಿ ಮೈದಾನದ ಆಚೆ ತುದಿಗೂ ಮುಟ್ಟುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಬರೆದ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ, ಎಷ್ಟೋ, ಆಂಪಿನ ಹಿಂದಿನ ಸ್ವಿಚ್ಚೂ ಅಷ್ಟಕ್ಕೇ ಇರಬೇಕು. ವೈರು ಸ್ಪೀಕರಿನ ದಪ್ಪ ವೈರೇ ಆಗಬೇಕು. ಗಿಟಾರಿಗೆ ಹಾಕುವ ವೈರಿನ ತುದಿಯೂ ನೋಡಲಿಕ್ಕೆ ಹಾಗೆಯೇ ಇರುತ್ತದೆ, ತೂತಿಗೆ ಸರಿಯಾಗಿಯೇ ಕೂರುತ್ತದೆ, ಆದರೆ ಒಳಗಿನ ತಂತಿ ಕೂದಲಿನಷ್ಟು ಸಣ್ಣ. ಅಷ್ಟು ಜೋರಿನ ಕರೆಂಟು ತಡೆಯುವುದಿಲ್ಲ. ಅದು ಕರಗಿದರೆ ಆಂಪಿನ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಇದನ್ನೆಲ್ಲ ನೀತಾ ಓದಿ, ಕೇಳಿ ತಿಳಿದುಕೊಂಡಿದ್ದಳು. ಬ್ಯಾಂಡಿನ ಎಲ್ಲರಿಗೂ ಹೇಳಿದ್ದಳು. ಸುಜಯ ನಕ್ಕು, ಇಂಜಿನಿಯರ್ ಮೇಡಮ್ ಎಂದು ಕರೆದಿದ್ದ.

ಆ ಬೆಳಿಗ್ಗೆ ಭರತನಿಂದ ಆ ಪೆಟ್ಟಿಗೆ ತರಿಸಿಕೊಂಡು, ಸ್ಟೇಜಿನ ಮೇಲೆ ಅವಳು ಒಳಗಿನ ಸ್ಪೀಕರಿನ ವೈರು ಬಿಚ್ಚಿದಳು, ಸ್ವಿಚ್ಚು ತಿರುಗಿಸಿದಳು, ದಪ್ಪ ವೈರನ್ನು ಎರಡೂ ಕಡೆ ಒತ್ತಿ ಕೂರಿಸಿ ಎಳೆದು ನೋಡಿದಳು. ಆಮೇಲೆ ಒಂದು ಸ್ವರ ಮೀಟಿದಳು. ಪೆಂಡಾಲಿನಲ್ಲಿ ಕುರ್ಚಿ ಹಾಕುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು. ಅವಳ ಎದೆ ತುಂಬಿ ಬಂತು.

ಊಟ ಮಾಡಿ ವಾಪಸು ಬಂದಾಗ ಸ್ಟೇಜಿನ ಮೇಲೆ ಸುಟ್ಟ ವಾಸನೆ. ಆಂಪ್ ಸತ್ತುಹೋಗಿತ್ತು. ಅವಳು ಓಡಿಹೋಗಿ ಹಿಂದೆ ನೋಡಿದಳು. ವೈರು ಅವಳು ಹಾಕಿದ್ದೇ ಇತ್ತು, ಸ್ವಿಚ್ಚು ಅವಳು ಇಟ್ಟಲ್ಲೇ ಇತ್ತು. ಸುಮ್ಮನೆ ಆನ್ ಮಾಡಿದೆವು, ಹೊಗೆ ಬಂತು ಎಂದ ಸುಜಯ. ಚಿಕ್ಕ ಆಂಪಿಗೆ ಅಷ್ಟು ದೊಡ್ಡ ಪೆಟ್ಟಿಗೆ ಕಟ್ಟಬೇಡ ಎಂದು ತಾನು ಮೊದಲೇ ಹೇಳಿದ್ದೆ ಎಂದೂ ಸೇರಿಸಿದ. ಭರತ ತನ್ನ ಪೆಟ್ಟಿಗೆಗೆ ಏನಾದರೂ ಆಯಿತೋ ಎಂದು ಬಗ್ಗಿ ನೋಡುತ್ತ, ಗೊತ್ತಿಲ್ಲದವರ ಕೈಯಲ್ಲಿ ಕೊಟ್ಟದ್ದೇ ತಪ್ಪು ಎಂದು ಗೊಣಗಿದ. ನಿತಿನ ಡ್ರಮ್ಮಿನ ಹಿಂದೆ ಕೂತು ಸ್ಕ್ರೂ ಬಿಗಿಮಾಡುತ್ತಿದ್ದ. ತಲೆ ಎತ್ತಲಿಲ್ಲ.

ಸಂಜೆ ಅವಳ ಗಿಟಾರನ್ನು ನೇರ ಭರತನ ಸೌಂಡ್ ಮಿಕ್ಸರಿಗೆ ಹಾಕಿದರು. ಸೊಳ್ಳೆ ಕೂಗಿದ ಹಾಗೆ ಕೇಳುತ್ತಿತ್ತು. ಎರಡು ಹಾಡುಗಳ ನಡುವೆ ಸುಜಯ ಮೈಕಿನಲ್ಲಿ, ನಮ್ಮ ನೀತಾ ಮೇಡಮ್ ಮಧ್ಯಾಹ್ನ ಸ್ಟೇಜಿಗೇ ಹೊಗೆ ಹಾಕಿದ್ದಾರೆ, ಸೊಳ್ಳೆ ಕಾಟ ಇರುವುದಿಲ್ಲ, ಆರಾಮಾಗಿ ಕೂತು ಕೇಳಿ ಎಂದ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಅವಳ ಅಮ್ಮನೂ ಕೂತಿದ್ದಳು.

ಅದಾದ ಮೇಲೆ ನೀತಾಳಿಗೆ ಊಟ ಸೇರಲಿಲ್ಲ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಎಂದು ಒಂದೇ ಯೋಚನೆ. ಓಮ್ ಲೆಕ್ಕವನ್ನು ಮತ್ತೆ ಮತ್ತೆ ನೋಡಿದಳು. ಪಾಠಕ್ಕೆ ಬಂದ ಮಕ್ಕಳ ಮೇಲೆ ರೇಗಿದಳು. ನಿತಿನ ಅವಳ ಎದುರಿಗೇ ಕೂತು ಊಟ ಮಾಡುತ್ತಿದ್ದ. ಬಿಡು, ಆದದ್ದು ಆಯಿತು, ರಿಪೇರಿ ಮಾಡಿಸೋಣ ಎನ್ನುತ್ತಿದ್ದ. ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಂಡು ಅವಳಿಗೆ ಅವನ ಮೇಲೆ ಪ್ರೀತಿಯೂ ಬಂತು. ಆಂಪನ್ನು ಅವನೇ ರೈಲಿನಲ್ಲಿ ಮಡಗಾಂವಿಗೆ ಒಯ್ದು ರಿಪೇರಿಗೆ ಕೊಟ್ಟು ಬಂದ.

ಒಂದು ಮಧ್ಯಾಹ್ನ ಅವಳು ನಿತಿನನ ಡ್ರಮ್ ಕೋಲುಗಳ ಚೀಲ ತೊಳೆಯಲೆಂದು ಖಾಲಿ ಮಾಡಿದಳು. ತಳದಲ್ಲಿ ಸುರುಳಿ ಸುತ್ತಿದ ಒಂದು ಗಿಟಾರ್ ವೈರು ಇತ್ತು. ತುದಿಗೆ ಅವಳು ಗುರುತಿಗೆ ಸುತ್ತುವ ಕೆಂಪು ಟೇಪು. ಪ್ಲಗ್ಗಿನ ಹತ್ತಿರ ರಬ್ಬರು ಕರಗಿ ಗಟ್ಟಿಯಾಗಿತ್ತು. ಮೂಗಿಗೆ ಹಿಡಿದಳು. ಅದೇ ವಾಸನೆ.

ನಿತಿನ ಐಸ್ ಪ್ಲಾಂಟಿನಿಂದ ಬಂದು ಕೈಕಾಲು ತೊಳೆಯುವವರೆಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಆಮೇಲೆ ವೈರನ್ನು ಅವನ ಮುಂದೆ ಹಿಡಿದು, "ಇದು ಯಂತದು?" ಎಂದಳು.

ಅವನು ಕೂತುಬಿಟ್ಟ. ಎಲ್ಲವನ್ನೂ ಹೇಳಿದ. ಭರತನೂ ಉಳಿದವರೂ ಊಟಕ್ಕೆ ಹೋಗಿದ್ದರು. ದೊಡ್ಡ ಪೆಟ್ಟಿಗೆ ಸಂಘದವರ ಬ್ಯಾನರಿಗೆ ಅಡ್ಡ ಬರುತ್ತಿತ್ತು. ಸುಜಯ ಅದನ್ನು ಆಚೆ ತುದಿಗೆ ದೂಡಿದ. ದಪ್ಪ ವೈರು ಸಾಲಲಿಲ್ಲ. ನೀತಾಳ ಚೀಲದಿಂದ ಉದ್ದದ ಗಿಟಾರ್ ವೈರು ತೆಗೆದು ಹಾಕಿದ. ನೀತಾ ಬರಲಿ ಎಂದು ನಿತಿನ ಒಂದು ಸಲ ಹೇಳಿ ನೋಡಿದ. ಸುಜಯ ಕೇಳದೆ, ಗಿಟಾರ್ ಎತ್ತಿಕೊಂಡು ದನಿಯನ್ನು ಪೂರ್ತಿ ಏರಿಸಿ ಬಾರಿಸಿದ. ಹೊಗೆ ಬಂದ ಮೇಲೆ ಅವನೇ ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ಎಳೆದು, ದಪ್ಪ ವೈರನ್ನೇ ಮತ್ತೆ ಸಿಕ್ಕಿಸಿ, ಸುಟ್ಟದ್ದನ್ನು ಸ್ಟೇಜಿನ ಅಡಿಗೆ ಎಸೆದ. ಕಾರ್ಯಕ್ರಮ ಮುಗಿಯುವವರೆಗೆ ಸುಮ್ಮನಿರು, ಆಮೇಲೆ ನಾನೇ ಹೇಳುತ್ತೇನೆ ಎಂದು ಕೈ ಹಿಡಿದುಕೊಂಡ. ಆಮೇಲೆ ಅವನು ಹೇಳಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಿತಿನನಿಗೂ ಬಾಯಿ ಬರಲಿಲ್ಲ. ವೈರನ್ನು ಸ್ಟೇಜಿನ ಅಡಿಯಿಂದ ಹೆಕ್ಕಿ ತಂದಿದ್ದ, ಎಸೆಯಲಿಕ್ಕೂ ಮನಸ್ಸಾಗಿರಲಿಲ್ಲ.

ನೀತಾ ಅವನನ್ನೇ ನೋಡುತ್ತಿದ್ದಳು. ಸುಜಯನ ಮೇಲೆ ಬಂದ ಸಿಟ್ಟು ಒಂದು ಗಳಿಗೆಯದು. ಎದುರಿಗೆ ಕೂತವನ ಮೇಲೆ ಬಂದದ್ದು ಬೇರೆಯೇ.

"ಅಂವ ಸುಟ್ಟ, ಸುಳ್ಳು ಹೇಳ್ದ. ಅಂವ ಹಾಂಗೇ," ಎಂದಳು. "ನೀ? ನಾ ನನ್ನದೇ ತಪ್ಪು ಅಂದ್ಕಂಡು ಇಷ್ಟ್ ದಿವ್ಸ ಅನ್ನ ಬಿಟ್ಟೆ. ನೀ ನನ್ನ ಎದುರಿಗೆ ಕೂತ್ಕಂಡು ಉಂಡೆ."

ಅಷ್ಟರಲ್ಲಿ ನಾಗಿ ಪೇಟೆಯಿಂದ ಬಂದಳು. ದನಿ ರಸ್ತೆಯವರೆಗೆ ಕೇಳುತ್ತದೆ, ಮೆಲ್ಲಗೆ ಮಾತಾಡಿ ಎಂದಳು. ಕೇಳಲಿ ಎಂದಳು ನೀತಾ. ನಾಗಿ ವಿಷಯ ತಿಳಿದುಕೊಂಡು, ಬುಟ್ಟಿ ಮಗುಚಿಟ್ಟು, ಒಂದು ಪೆಟ್ಟಿಗೆಗಾಗಿ ಗಂಡನ ಮೇಲೆ ಯಾರಾದರೂ ಹೀಗೆ ಹಾರಿ ಬೀಳುತ್ತಾರೆಯೇ ಎಂದು ಕೇಳಿದಳು.

"ಪೆಟ್ಟಿಗೆಗಲ್ಲ, ಆಯಿ," ಎಂದಳು ನೀತಾ. "ಪೇಟೆಲಿ ನಿಮ್ಮ ಮೀನನ್ನ ಯಾರೋ ಬಿಸಿಲಿಗೆ ಇಟ್ಟು ಕೊಳೆಸಿ, ನೀವೇ ಕೊಳೆತದ್ದು ತಂದ್ರಿ ಅಂತ ಕೂಗಿದ್ರೆ, ನಿಮ್ಮ ಮಗ ಬದಿಗೆ ನಿಂತ್ಕಂಡು ನೋಡ್ತಿದ್ರೆ?"

ನಾಗಿ ಮಗನ ಕಡೆ ತಿರುಗಿ, ಮೀನು ತೊಳೆಯಲಿಕ್ಕೆ ನೀನೇ ಬಾ, ಅವಳು ಇವತ್ತು ಮಾಡುವುದಿಲ್ಲ ಎಂದಳು.

ನಿತಿನ ಕ್ಷಮೆ ಕೇಳಿದ. ಮನೆಯಲ್ಲಿ ಕೇಳಿದ ಕ್ಷಮೆ ತನಗೆ ಬೇಡ, ಯಾರ ಮುಂದೆ ಸುಮ್ಮನಿದ್ದೆಯೋ ಅವರ ಮುಂದೆ ಮಾತಾಡು ಎಂದಳು ನೀತಾ. ಅಲ್ಲಿಂದ ಮುಂದೆ ಅವನೊಡನೆ ಅಗತ್ಯವಿದ್ದಷ್ಟೇ ಮಾತು.

ಆಂಪ್ ಮಡಗಾಂವಿನಿಂದ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಸಿಕೊಂಡು ಬಂತು. ಮುಂದಿನ ಕಾರ್ಯಕ್ರಮ ಕಾರವಾರದ ಒಂದು ಹೋಟೆಲಿನಲ್ಲಿ. ಅದರ ತಾಲೀಮಿಗೆ ಅಂಕೋಲೆಯಲ್ಲಿ ಭರತನ ಗೋಡೌನಿನಲ್ಲಿ ಸೇರುವುದೆಂದು ಸುಜಯ ಮೆಸೇಜು ಹಾಕಿದ. ಭಾನುವಾರ ಬೆಳಿಗ್ಗೆ ನಿತಿನ ಗೆಳೆಯನ ಓಮ್ನಿ ವ್ಯಾನು ತಂದ. ದಾರಿಯುದ್ದಕ್ಕೂ ನೀತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಗೋಡೌನಿನಲ್ಲಿ ಭರತ, ಸುಜಯ, ಬೇಸ್ ಬಾರಿಸುವ ರೋಷನ ಇದ್ದರು. ನೀತಾ ಆಂಪನ್ನು ಇಳಿಸಿ, ದೊಡ್ಡ ಪೆಟ್ಟಿಗೆ ಬೇಕು ಎಂದಳು. ಒಮ್ಮೆ ಸುಟ್ಟದ್ದು ಸಾಲದೇ ಎಂದ ಭರತ. ಸುಜಯ ಮೈಕು ಸರಿಮಾಡುತ್ತ ನಕ್ಕ. ಅವಳು ಕೆಂಪು ಟೇಪಿನ ವೈರನ್ನು ಅವನ ಕಾಲ ಬಳಿ ಹಾಕಿದಳು.

ಸುಜಯ ಅದನ್ನು ನೋಡಿದ, ಆಮೇಲೆ ನಿತಿನನನ್ನು ನೋಡಿದ. ಸುಟ್ಟ ವೈರು ಎಲ್ಲಿ ಬೇಕಾದರೂ ಸಿಗುತ್ತದೆ, ಅದರಿಂದ ಏನು ಸಾಬೀತಾಯಿತು ಎಂದ. ಗೋಡೌನಿನ ತಗಡಿನ ಮೇಲೆ ಕಾಗೆ ನಡೆಯುವ ಸದ್ದು ಕೇಳುತ್ತಿತ್ತು. ನೀತಾ ಗಂಡನ ಕಡೆ ತಿರುಗಲಿಲ್ಲ. ಈಗಲೂ ಇವನು ಬಾಯಿ ಬಿಡದಿದ್ದರೆ ಇಲ್ಲಿಂದ ನೇರ ಕೇಣಿಯ ತವರಿಗೆ ಹೋಗುವುದು ಎಂದು ಅವಳು ನಿಶ್ಚಯಿಸಿಯೇ ಬಂದಿದ್ದಳು.

"ನೀನೇ ಹಾಕ್ದೆ, ಸುಜಯಾ," ಎಂದ ನಿತಿನ. "ನಾ ಅಲ್ಲೇ ಇದ್ದೆ. ದಪ್ಪ ವೈರು ತೆಗ್ದು ಇದನ್ನ ಹಾಕ್ದೆ, ಸುಟ್ಟ ಮೇಲೆ ಬದ್ಲಿ ಮಾಡ್ದೆ. ಅವಳು ಸರಿಯಾಗೇ ಜೋಡ್ಸಿದ್ಲು. ನಾ ಸುಮ್ಮನಿದ್ದದ್ದು ನನ್ನ ನಾಚ್ಕೆಗೇಡು."

ಹೆಂಡತಿಯ ಮಾತು ಕೇಳಿಕೊಂಡು ಬಂದಿದ್ದೀಯ ಎಂದ ಸುಜಯ. ಆಮೇಲೆ ಭರತನ ಮುಖ ನೋಡಿ ದನಿ ಬದಲಿಸಿದ. ಆಯಿತು, ಅವಸರದಲ್ಲಿ ಆದದ್ದು, ಈಗ ರಿಪೇರಿಯೂ ಆಗಿದೆ, ಇಷ್ಟಕ್ಕೆ ಇಷ್ಟು ದೊಡ್ಡ ರಾದ್ಧಾಂತ ಯಾಕೆ ಎಂದ.

"ಮೈಕಿನಲ್ಲಿ ಹೇಳಿ ನಗ್ಸಿದ್ಯಲ್ಲಾ," ಎಂದಳು ನೀತಾ. "ಮೈಕಿನಲ್ಲೇ ಹೇಳು. ಹೋಟೆಲಿನ ಕಾರ್ಯಕ್ರಮದಲ್ಲಿ, ಮೊದಲ ಹಾಡಿಗೂ ಮುಂಚೆ."

ಅವನು ಒಪ್ಪಲಿಲ್ಲ. ತಾನಿಲ್ಲದಿದ್ದರೆ ನಿಮ್ಮನ್ನು ಯಾರು ಕರೆಯುತ್ತಾರೆ ನೋಡುತ್ತೇನೆ ಎಂದು ಹೇಳಿ, ಕಾರು ಹತ್ತಿ ಹೊರಟುಹೋದ.

ಭರತ ತಾನಾಗಿಯೇ ಪೆಟ್ಟಿಗೆಯನ್ನು ದೂಡಿ ತಂದ. ಅವಳ ಮುಖ ನೋಡದೆ, ಆ ದಿನ ತಾನು ಹಾಗೆ ಹೇಳಬಾರದಿತ್ತು ಎಂದ. ನೀತಾ ಸ್ವಿಚ್ಚು ನೋಡಿದಳು, ವೈರು ಸಿಕ್ಕಿಸಿದಳು, ಎಳೆದು ನೋಡಿದಳು. ವಾಲ್ವು ಬಿಸಿಯಾಗುವವರೆಗೆ ನಿಂತಳು. ಆಮೇಲೆ ಬಾರಿಸತೊಡಗಿದಳು. ತಗಡು ಝಲ್ಲೆಂದಿತು, ಕಪಾಟಿನ ಮೇಲಿನ ಮೈಕುಗಳು ಅದುರಿದವು. ಅದು ಯಾವ ಹಾಡೂ ಆಗಿರಲಿಲ್ಲ. ಪೆಂಡಾಲಿನ ನಗೆ, ಉಣ್ಣದ ಅನ್ನ, ಎದುರಿಗೆ ಕೂತು ಬಿಡು ಎಂದ ಬಾಯಿ ಎಲ್ಲ ಬೆರಳಿನಿಂದ ಹೊರಗೆ ಬರುತ್ತಿದ್ದವು. ಸ್ವಲ್ಪ ತಗ್ಗಿಸು ಎಂದು ಭರತ ಕೈಸನ್ನೆ ಮಾಡಿದ. ಅವಳು ತಗ್ಗಿಸಲಿಲ್ಲ. ನಿತಿನ ಡ್ರಮ್ಸ್ ಮುಟ್ಟದೆ, ಕೈಕಟ್ಟಿ, ಪೂರ್ತಿ ಕೇಳಿದ.

ಸುಜಯ ಹೇಳಿದ್ದು ಸುಳ್ಳಾಗಲಿಲ್ಲ. ಹೋಟೆಲಿನವರಿಗೆ ಗೊತ್ತಿದ್ದದ್ದು ಅವನೊಬ್ಬನೇ. ಅವರು ಕಾರ್ಯಕ್ರಮವನ್ನು ಅವನಿಗೇ ಕೊಟ್ಟರು, ಅವನು ಬೇರೆ ಹುಡುಗರನ್ನು ಕಟ್ಟಿಕೊಂಡು ಹಾಡಿದ. ತಪ್ಪನ್ನು ಅವನು ಯಾವ ಮೈಕಿನಲ್ಲೂ ಹೇಳಲಿಲ್ಲ. ನೀತಾ, ನಿತಿನ, ರೋಷನ ಮಳೆಗಾಲವೆಲ್ಲ ಖಾಲಿ ಕೂತರು. ದೀಪಾವಳಿಯ ಹೊತ್ತಿಗೆ ಭರತನ ಕಡೆಯಿಂದ ಕೇಣಿಯಲ್ಲೇ ಒಂದು ಚಿಕ್ಕ ಕಾರ್ಯಕ್ರಮ ಬಂತು. ಹಾಡುವವರಿಲ್ಲ, ಬರಿಯ ವಾದ್ಯ. ನಾಗಿಯೂ ಬೈತಖೋಲದಿಂದ ಬಸ್ಸು ಹತ್ತಿ ಬಂದು ಬೀಗಿತ್ತಿಯ ಪಕ್ಕದಲ್ಲಿ ಕೂತಳು. ಬಲೆ ಒಣಗಿಸುವ ಜಾಗದ ಆಚೆ, ದೋಣಿಗಳ ಹತ್ತಿರ ನಿಂತವರಿಗೂ ಗಿಟಾರ್ ಕೇಳಿತು ಎಂದು ಆಮೇಲೆ ಜನ ಹೇಳಿದರು.

ನಿತಿನನ ಮೇಲಿನ ಸಿಟ್ಟು ಮಾತ್ರ ಆ ಭಾನುವಾರವೇ ಹೋಗಿಬಿಡಲಿಲ್ಲ. ಅವನು ಹೇಳಿದ್ದು ತಡವಾಗಿ, ತಾನು ಎದುರಿಗೆ ನಿಂತಿದ್ದಕ್ಕೆ ಎಂಬುದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೆಲವು ದಿನ ಆ ಸಿಟ್ಟು ಇರುತ್ತಲೇ ಇರಲಿಲ್ಲ, ಕೆಲವು ದಿನ ಅನ್ನ ಬಡಿಸುವಾಗ ಒಮ್ಮೆಲೇ ಬರುತ್ತಿತ್ತು. ಹಾಗೆ ಬಂದ ದಿನ ಅವಳು ಮುಚ್ಚಿಡದೆ ಹೇಳುತ್ತಿದ್ದಳು. ಅವನು ತಟ್ಟೆಯಿಂದ ಕೈ ತೆಗೆದು, ಅವಳು ಹೇಳಿ ಮುಗಿಸುವವರೆಗೆ ಕೇಳುತ್ತಿದ್ದ.