ವಾಖ್ಟೆಲ್ ಎಂಬ ಹೆಸರಿನ ಮೊದಲ ಅಕ್ಷರ

ಸಾನ್ ನದಿಯ ಸೇತುವೆಯ ಮೇಲೆ ಗೂಡ್ಸ್ ರೈಲು ದಾಟುತ್ತಿದೆ, ವಾಚನಾಲಯದ ಕಿಟಕಿ ಗಾಜು ಸಣ್ಣಗೆ ನಡುಗುತ್ತಿದೆ, ಡಬ್ಬಿ ಎಣಿಸುವ ಚಟ ಚಿಕ್ಕಂದಿನದು, ಹದಿನೇಳು, ಹದಿನೆಂಟು, ಅಷ್ಟರಲ್ಲಿ ಝೆಮೊವಿತ್ ಗಂಟಲು ಸರಿಮಾಡಿಕೊಂಡ, ಲೆಕ್ಕ ತಪ್ಪಿತು, ಹೋಗಲಿ ಎಂದು ಲುದೊಮಿರಾ ಮೇಜಿನ ಕಡೆ ತಿರುಗಿದಳು. ಬೆಳಗ್ಗೆ ಹತ್ತರಿಂದ ಒಂದೇ ಪುಟ, ಆ ಪುಟದ ಕೆಳಗಿನ ಒಂದೇ ಅಡಿಟಿಪ್ಪಣಿ, ಈಗ ಹನ್ನೆರಡಾಗುತ್ತಾ ಬಂತು, ಲೋಟದ ಚಹಾ ಎರಡು ಸಲ ಆರಿತು. ಮೂರು ದೇಶದವರು ಕೂಡಿ ಬರೆಯುತ್ತಿರುವ ಪುಸ್ತಕ, ಈ ಪ್ಶೆಮಿಶ್ಲ್ ಊರನ್ನು ನದಿ ನಡುವೆ ಸೀಳಿ ಆ ದಡ ಹಿಟ್ಲರನದು ಈ ದಡ ಸ್ಟಾಲಿನನದು ಆಗಿದ್ದ ಎರಡು ವರ್ಷಗಳ ಚರಿತ್ರೆ, ಅದರಲ್ಲಿ ಅವಳ ಪಾಲಿನದು ಒಂದು ಅಧ್ಯಾಯ. ಐವತ್ತಾರು ವಯಸ್ಸಿಗೆ ಬೆನ್ನು ಇಷ್ಟು ನೋಯಬಾರದು, ಈ ಕುರ್ಚಿಗಳೇ ಹೀಗೆ, ಹಳೆಯ ಕಮ್ಯುನಿಸ್ಟ್ ಆಳ್ವಿಕೆಯಲ್ಲೂ ಇವೇ ಕುರ್ಚಿಗಳು, ಆಗ ಹಿಟ್ಲರನೂ ಸ್ಟಾಲಿನನೂ ದೇಶ ಹಂಚಿಕೊಂಡ ಆ ಆಗಸ್ಟ್ ತಿಂಗಳ ಗುಟ್ಟಿನ ಒಪ್ಪಂದವೇ ಆಗಿಲ್ಲ ಎಂದು ಬರೆಯಬೇಕಿತ್ತು, ಬರೆಯಲಾರದೆ ಇಪ್ಪತ್ತು ವರ್ಷ ಮಧ್ಯಯುಗದ ಉಪ್ಪಿನ ವ್ಯಾಪಾರದ ಬಗ್ಗೆ ಬರೆದಳು, ಈಗ ಏನು ಬೇಕಾದರೂ ಬರೆಯಬಹುದು, ಬರೆದ ಮೇಲೆ ಹೀಗೆ ಕೂರಬೇಕು. ಪಾನಿ ಲುದೊಮಿರಾ, ನಂಗೆ ನಿಮ್ಮ ಮೇಲೆ ಗೌರವ ಇಲ್ಲ ಅಂತಲ್ಲ, ಝೆಮೊವಿತ್ ಹೇಳುತ್ತಿದ್ದಾನೆ, ವಾರ್ಸಾದಿಂದ ಬಂದ ಸಂಪಾದಕ, ನಲವತ್ತೂ ಆಗಿಲ್ಲ, ಅಮ್ಮಾವ್ರೇ ಎನ್ನುವ ಹಾಗೆ ಮಾತಿಗೊಂದು ಪಾನಿ, ಆದ್ರೆ ಆ ಕಡೆ ಈ ಕಡೆ ಇಬ್ರೂ ಒಂದೇ ಪಟ್ಟಿ ಇಟ್ಕೊಂಡು ಕೆಲಸ ಮಾಡಿದ್ರು ಅನ್ನೋ ಇಷ್ಟು ದೊಡ್ಡ ಮಾತಿಗೆ ನೀವು ಕೊಟ್ಟಿರೋದು ಒಂದೇ ಸಾಕ್ಷಿ, ಅದೂ ಹೆಸರಿಲ್ಲದ್ದು, ಸಾಕ್ಷಿ ಎಸ್ ಅಂತೆ, ಕಾಗದ ಇಲ್ಲ, ಟೇಪ್ ಇಲ್ಲ, ಇದನ್ನ ಇತಿಹಾಸ ಅನ್ಬೇಕೋ ಅಡುಗೆಮನೆ ಮಾತು ಅನ್ಬೇಕೋ. ಅಡುಗೆಮನೆಯೇ ಕಣಪ್ಪ, ಎಂದುಕೊಂಡಳು ಲುದೊಮಿರಾ. ಜರ್ಮನಿಯವರು ನಮ್ಮಲ್ಲಿ ಅಂಥ ಕಾಗದವೇ ಇಲ್ಲ ಎಂದು ಎರಡು ಸಾಲು ಬರೆದು ಕಳಿಸಿ ಕೈತೊಳೆದುಕೊಂಡಿದ್ದಾರೆ. ಮಾಸ್ಕೋದಿಂದ ಬಂದ ಇನ್ನಾ ಮಾತ್ರ ಎದುರಿಗೇ ಕೂತಿದ್ದಾಳೆ, ಬೂದು ಕೂದಲು, ಉಣ್ಣೆಯ ಶಾಲು, ತಾನೂ ದಣಿದವಳೇ, ಲುದೊಮಿರಾ ಕಾರ್ಲೊವ್ನಾ, ಬೇಜಾರಾಗ್ಬೇಡಿ, ನಮ್ಮವರು ಏನೇ ಪಾಪ ಮಾಡಿದ್ರೂ ಅದನ್ನ ನಾಜಿಗಳ ಜೊತೆ ಸೇರ್ಕೊಂಡೇ ಮಾಡಿದ್ರು ಅಂದ್ರೇನೇ ನಿಮಗೆ ಸಮಾಧಾನ, ನಾವೊಬ್ರೇ ಮಾಡೋ ಅಷ್ಟು ಗಟ್ಟಿಗರಲ್ವಾ, ಎಂದು ನಕ್ಕಳು, ಝೆಮೊವಿತ್‌ಗೆ ನಗು ಬರಲಿಲ್ಲ, ಲುದೊಮಿರಾಗೆ ಬಂತು, ಆದರೆ ಮುಖದವರೆಗೆ ತಲುಪುವಷ್ಟು ಶಕ್ತಿ ಅದಕ್ಕಿರಲಿಲ್ಲ.

ಅಮ್ಮ ಬೀಟ್‌ರೂಟ್ ಸಿಪ್ಪೆ ತೆಗೆಯುತ್ತಿದ್ದಳು, ಎಂಬತ್ತಾರರ ಚಳಿಗಾಲ, ಕ್ರಿಸ್‌ಮಸ್ಸಿನ ಸಾರಿಗೆ, ಕೈಯೆಲ್ಲ ಕೆಂಪು, ಇದ್ದಕ್ಕಿದ್ದಂತೆ ಶುರುಮಾಡಿದಳು, ನೀನು ಬರ್ಕೋಬೇಡ, ಸುಮ್ನೆ ಕೇಳು, ನಲವತ್ತನೇ ಇಸವಿ, ನಂಗೆ ಹತ್ತೊಂಬತ್ತು ವರ್ಷ, ನಿಮ್ಮಜ್ಜ ಝಾರನ ಕಾಲದ ರೈಲ್ವೆ ಗುಮಾಸ್ತ, ಅದಕ್ಕೇ ನಂಗೆ ರಷ್ಯನ್ ಅಕ್ಷರಾನೂ ಬರ್ತಿತ್ತು, ಟೈಪಿಂಗೂ ಬರ್ತಿತ್ತು, ನೋಂದಣಿ ಕಚೇರಿಯವರು ಮನೆಗೇ ಬಂದು ಕರ್ಕೊಂಡು ಹೋದ್ರು. ಆ ದಡದಿಂದ ಯುದ್ಧಕ್ಕೆ ಹೆದರಿ ಓಡಿಬಂದವರು, ಕ್ರಾಕುವ್‌ನವರು, ಟಾರ್ನುವ್‌ನವರು, ಅರ್ಧಕ್ಕರ್ಧ ಯೆಹೂದಿಗಳು, ಇಲ್ಲಿ ಚಳಿ, ಹಸಿವು, ಹೆಂಡ್ತಿ ಮಕ್ಕಳು ಆ ಕಡೆ, ವಾಪಸ್ ಹೋಗ್ತೀವಿ ಅಂತ ಸಾಲಾಗಿ ನಿಂತು ಹೆಸರು ಬರೆಸೋರು, ಹೋಗ್ಬೇಡಿ ಅಂತ ಹೇಳೋಕೆ ನಾನ್ಯಾರೇ. ಮೊದಲು ರಷ್ಯನ್ ಅಕ್ಷರದಲ್ಲಿ ಪಟ್ಟಿ ಹೊಡೀತಿದ್ದೆ, ಆಮೇಲೆ ಅದನ್ನೇ ನೋಡ್ಕೊಂಡು ನಮ್ಮ ರೋಮನ್ ಅಕ್ಷರದಲ್ಲಿ ಜರ್ಮನ್ನರಿಗೆ ಇನ್ನೊಂದು. ಜರ್ಮನ್ನರು ತಮಗೆ ಬೇಕಾದವರನ್ನ ಆರಿಸ್ಕೊಂಡ್ರು, ಬೇಡದವರ ಹೆಸರು ಪಟ್ಟೀಲೇ ಉಳೀತು, ಜೂನ್ ತಿಂಗಳಲ್ಲಿ ಈ ದಡದ ರಷ್ಯನ್ನರು ಅದೇ ಪಟ್ಟಿ ಹಿಡ್ಕೊಂಡು ಮನೆಮನೆಗೆ ಹೋದ್ರು, ರೈಲು ಹತ್ತಿಸಿದ್ರು. ಚಾಕು ನಿಂತಿತ್ತು, ಕೆಂಪು ನೀರು ಹಲಗೆಯ ಅಂಚಿಗೆ ಬಂದು ನಿಂತಿತ್ತು, ಒಬ್ಬ ಟೋಪಿ ಮಾಡೋನಿದ್ದ ಕಣೇ, ವಾಖ್ಟೆಲ್ ಅಂತ, ಎಲ್ಲರೂ ಬಂದು ತಮ್ಮ ಹೆಸರಿನ ಮುಂದೆ ಸಹಿ ಹಾಕ್ಬೇಕಿತ್ತು, ಸುಸ್ತಾಗಿತ್ತು ನಂಗೆ, ರಷ್ಯನ್ನರ ವ ಅಕ್ಷರ ನೋಡೋಕೆ ನಮ್ಮ ಬ ಥರಾನೇ ಇರತ್ತಲ್ಲ, ಕಣ್ಣು ತಪ್ಪಿ ಬಾಖ್ಟೆಲ್ ಅಂತ ಹೊಡೆದಿದ್ದೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಕೊಂಡ, ಅಕ್ಷರದ ಮೇಲೆ ಬೆರಳಿಟ್ಟ, ಮಗಳೇ, ಇದು ಬ ಅಲ್ಲ, ವ, ಕೆಲಸ ಇನ್ನೊಂದಿಷ್ಟು ಜಾಸ್ತಿ ಆಗತ್ತೇನೋ, ಆದ್ರೂ ಸರಿಮಾಡ್ಬಿಡು, ನಾಳೆ ನನ್ನ ಹುಡುಕೋರಿಗೆ ತೊಂದರೆ ಆಗಬಾರ್ದು, ಅಂದ. ಸರಿಮಾಡಿದೆ. ಇನ್ನೊಂದು ಪಟ್ಟೀಲಿ ಸರಿಯಾಗೇ ಇದೆಯಾ ಅಂತಾನೂ ಕೇಳಿದ, ಅದನ್ನೂ ತೆಗೆದು ತೋರಿಸಿದೆ. ಥ್ಯಾಂಕ್ಸ್ ಹೇಳಿ ಹೋದ. ಅಷ್ಟು ಹೇಳಿ ಅಮ್ಮ ಮತ್ತೆ ಸಿಪ್ಪೆ ತೆಗೆಯತೊಡಗಿದಳು, ನನ್ನ ಹೆಸರು ಎಲ್ಲೂ ಹಾಕ್ಬೇಡ, ಸತ್ತ ಮೇಲೂ ಹಾಕ್ಬೇಡ, ಲುದೊಮಿರಾ ಆಯಿತು ಎಂದಳು, ಐದು ವರ್ಷದ ನಂತರ ಒಂದು ಲೇಖನದಲ್ಲಿ ಮೊದಲ ಸಲ ಅಮ್ಮನನ್ನು ಒಂದು ಅಕ್ಷರ ಮಾಡಿ ಪುಟದ ಕೆಳಗೆ ಕೂರಿಸಿದಳು, ತೊಂಬತ್ತನಾಲ್ಕರಲ್ಲಿ ಮಣ್ಣುಮಾಡಿದಳು.

ಇದನ್ನ ನಿಮಗೆ ಮಧ್ಯಾಹ್ನ ತೋರಿಸೋಣ ಅಂತಿದ್ದೆ, ಇನ್ನಾ ಹೇಳುತ್ತಿದ್ದಾಳೆ, ಕೈಚೀಲದಿಂದ ಹಾಳೆಗಳು ಬಂದವು, ಹೋದ ವಾರವಷ್ಟೇ ನಮ್ಮ ಸಂಗ್ರಹದಲ್ಲಿ ಸಿಕ್ಕಿದ್ದು, ಇದು ನಿಮ್ಮ ಲಿಪಿಯ ಪಟ್ಟಿ, ಬೇರೆ ಯಾರೋ ಬೇರೆಯಾಗೇ ತಯಾರಿಸಿದ್ದಾರೆ ಅಂತ ನನ್ನ ಲೆಕ್ಕ, ನಿಮ್ಮ ಸಾಕ್ಷಿ ಹೇಳೋ ಹಾಗೆ ನಮ್ಮದನ್ನ ನೋಡಿ ಹೊಡೆದದ್ದಲ್ಲ, ನೋಡಿ, ನಕಲು ಮಾಡುವಾಗ ಆಗೋ ತಪ್ಪು ಒಂದೂ ಇಲ್ಲ. ನೆರಳಚ್ಚು ಮಸುಕಾಗಿದೆ, ಲುದೊಮಿರಾ ಕನ್ನಡಕ ಏರಿಸಿದಳು, ಹೆಸರುಗಳು, ಸಹಿಗಳು, ಎಷ್ಟು ನೀಟಾದ ಅಂಚು, ಅಮ್ಮ ಬಟ್ಟೆ ಮಡಚುತ್ತಿದ್ದದ್ದೂ ಹೀಗೆಯೇ, ಎರಡನೆಯ ಹಾಳೆ, ಮೂರನೆಯದು, ಅಲ್ಲಿದ್ದಾನೆ. ಬ ಮೇಲೆ ಅಡ್ಡಗೆರೆ, ಅದರ ನೆತ್ತಿಯ ಮೇಲೆ ಪುಟ್ಟದಾಗಿ ವ. ಬಸ್ಸು ತಪ್ಪಿದಾಗ ಆಗುವಂಥದ್ದೊಂದು ಸುಸ್ತಾಯಿತು ಅಷ್ಟೆ. ಕಿವಿಯಿಂದ ಕೇಳಿ ಬರೆಯುವವರು ಮಾಡುವ ತಪ್ಪಲ್ಲ ಇದು, ರಷ್ಯನ್ ಪಟ್ಟಿ ಎದುರಿಗಿಟ್ಟುಕೊಂಡು ನಕಲು ಮಾಡುವ ಕಣ್ಣು ಮಾತ್ರ ಮಾಡುವ ತಪ್ಪು, ಅವಳು ಗೆದ್ದಿದ್ದಾಳೆ, ಗೆಲ್ಲಬೇಕಾದರೆ ಹೇಳಬೇಕು, ಹೇಳಿದರೆ ಆಯಿತು ಎಂದ ಮಾತು ಮುರಿಯುತ್ತದೆ, ಹೇಳದಿದ್ದರೆ ಅಡಿಟಿಪ್ಪಣಿ ಬಿದ್ದುಹೋಗುತ್ತದೆ, ಅದರ ಜೊತೆ ಆ ಸಾಲಿನಲ್ಲಿ ನಿಂತವರೂ. ಚಹಾ ಮುಟ್ಟಿದಳು, ತಣ್ಣಗಿತ್ತು, ಮತ್ತೆ ಇಟ್ಟಳು. ಇಲ್ಲಿ ನೋಡಿ, ಎಂದಳು, ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ವಿವರಿಸಿದಳು, ಇನ್ನಾ ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು, ಹೌದು, ಅಂದಳು, ಇದು ನಮ್ಮ ಪಟ್ಟಿಯಿಂದಲೇ ಇಳಿದದ್ದು, ನಾನು ನೋಡೇ ಇಲ್ಲ, ಆದ್ರೆ ನಿಮಗೆ ಹೇಗೆ ಗೊತ್ತಾಯ್ತು ಎಲ್ಲಿ ಹುಡುಕ್ಬೇಕು ಅಂತ. ಯಾಕಂದ್ರೆ ಈ ಪಟ್ಟಿ ಹೊಡೆದವಳು ನಮ್ಮಮ್ಮ.

ಝೆಮೊವಿತ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಪಾನಿ ಲುದೊಮಿರಾ, ಇದನ್ನ ಹತ್ತು ವರ್ಷದ ಹಿಂದೆ ಬರೀಬೇಕಿತ್ತು, ತಾಯಿ ಮಾತೇ ಮಗಳಿಗೆ ಆಧಾರ ಅಂದ್ರೆ ನಾಳೆ ಪತ್ರಿಕೆಯವರು ಏನಂತಾರೆ, ಒಂದು ಕಡೆ ಪಕ್ಷಪಾತ ಅಂತಾರೆ, ಇನ್ನೊಂದು ಕಡೆ, ಇನ್ನೊಂದು ಕಡೆ ಏನಂತಾರೋ ಅವನು ಹೇಳಲಿಲ್ಲ, ಪಟ್ಟಿ ಹೊಡೆದವಳ ಮಗಳು ಅಂತಾರೆ, ಅನ್ನಲಿ, ಈ ಊರಿನ ಮಾರುಕಟ್ಟೆಯಲ್ಲಿ ಎಲೆಕೋಸು ಕೊಳ್ಳುವಾಗ ಅನ್ನುತ್ತಾರೆ, ತೂಕ ಹಾಕುತ್ತಲೇ ಅನ್ನುತ್ತಾರೆ. ಹೆಸರು ಹೇಳಿ, ಇನ್ನಾ ಮೆಲ್ಲಗೆ ಅಂದಳು, ತಪ್ಪಿಲ್ಲದೆ ಬರ್ಕೋತೀನಿ. ಸಾಲೊಮೆಯಾ ಹುಲೆವಿಚ್, ಅಡ್ಡಹೆಸರಿನ ಮೊದಲಕ್ಷರ ಯಾವುದು, ಇನ್ನಾ ಕೇಳಿದಳು, ಲುದೊಮಿರಾ ಹೇಳಿದಳು, ಕೊನೆಯದನ್ನೂ ಹೇಳಿದಳು, ಕ್ಷಮಿಸು ಅಮ್ಮ ಎಂದುಕೊಳ್ಳಬೇಕು ಅನ್ನಿಸಿತು, ಆ ಪದಕ್ಕೂ ಬಲ ಸಾಲಲಿಲ್ಲ. ಆ ವಾಖ್ಟೆಲ್, ಟೋಪಿ ಮಾಡುವವನು, ಏನಾದ, ಎಂದು ಲುದೊಮಿರಾ ಕೇಳಿದಳು, ಇನ್ನಾ ಇನ್ನೊಂದು ಹಾಳೆ ತೆಗೆದು ಬೆರಳಾಡಿಸಿದಳು, ಇದು ರೈಲಿನ ಪಟ್ಟಿ, ವಾಖ್ಟೆಲ್, ಇದ್ದಾನೆ, ಒಬ್ಬನೇ, ಉತ್ತರದ ಮರ ಕಡಿಯೋ ಶಿಬಿರಕ್ಕೆ, ಆಮೇಲೆ ಏನಾಯ್ತೋ ಇದರಲ್ಲಿಲ್ಲ, ಚಳಿಗೆ ಸತ್ತಿರ್ಬಹುದು, ಬದುಕಿರ್ಲೂಬಹುದು, ಎಷ್ಟೋ ಜನ ಬದುಕಿದ್ರು. ಇಲ್ಲೇ ಉಳಿದಿದ್ದರೆ, ಒಂದೇ ವರ್ಷದಲ್ಲಿ ಜರ್ಮನ್ನರು ನದಿ ದಾಟಿದರು, ಇಲ್ಲೇ ಉಳಿದ ಯೆಹೂದಿಗಳು ಏನಾದರು ಎಂದು ಈ ಮೂವರಲ್ಲಿ ಯಾರಿಗೂ ಹೇಳಬೇಕಿಲ್ಲ, ಹಾಗಾದರೆ ಅಮ್ಮ ಹೊಡೆದ ಆ ಹೆಸರು ಅವನನ್ನು ಕೊಂದಿತೋ ಉಳಿಸಿತೋ, ಐವತ್ತನಾಲ್ಕು ವರ್ಷ ಅಮ್ಮ ಇದೊಂದನ್ನೇ ಒಳಗೊಳಗೆ ತಿರುವಿಹಾಕಿದಳೋ, ಅಡಿಟಿಪ್ಪಣಿಯಲ್ಲಿ ಇದಕ್ಕೆ ಜಾಗವಿಲ್ಲ, ಅಧ್ಯಾಯದಲ್ಲೂ ಇಲ್ಲ, ಝೆಮೊವಿತ್ ಏನೋ ಹೇಳುತ್ತಿದ್ದಾನೆ, ಊಟಕ್ಕೆ ಏಳೋಣ ಅನ್ನುತ್ತಿರಬೇಕು, ಏಳಬೇಕು, ಕೋಟು ಎಲ್ಲಿಟ್ಟೆ, ಏಳಬೇಕು, ಅವನು ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾನೆ, ಅವಸರವಿಲ್ಲ ಅವನಿಗೆ, ಹಿಂದೆ ಸಾಲು ಬೆಳೆಯುತ್ತಿದೆ, ಹತ್ತೊಂಬತ್ತರ ಹುಡುಗಿ ಹಾಳೆಯನ್ನು ಮತ್ತೆ ಯಂತ್ರಕ್ಕೆ ಸುತ್ತುತ್ತಿದ್ದಾಳೆ, ಬ ಮೇಲೆ ಅವನ ಬೆರಳು, ಬ ಮೇಲೆ ಬೆರಳು, ಬೆರಳು